ಹನ್ನೊಂದು ಕಾಲಿನ ಕಿಟಕಿ

ವಸತಿ ನಿರ್ವಹಣಾ ಕಚೇರಿಯಲ್ಲಿ ಮೇಲಿರುವವರು ಕೆಳಗಿರುವವರಿಗಿಂತ ದೊಡ್ಡವರಾಗಿರತಕ್ಕದ್ದು ಎಂಬ ನಿಯಮ ಮೊದಲಿನಿಂದಲೂ ಇತ್ತು. ಅದು ಸಂಖ್ಯೆಗಳಿಗೂ ಅನ್ವಯಿಸುತ್ತದೆ ಎಂದು ಆದೇಶ ಹೊರಟಾಗ ಯಾರಿಗೂ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಆದೇಶಕ್ಕೆ ಕಾರಣರಾದವರು ಅಳತೆ ಶಾಖೆಯ ಗುಮಾಸ್ತರು. ಕಚೇರಿಯದೇ ಬಣ್ಣ ಬಳಿಯುವವನು ಕಚೇರಿಯದೇ ಏಣಿಯನ್ನು ಹೊತ್ತುಕೊಂಡು ತಿರುಗುವಾಗ, ಗುಮಾಸ್ತರು ವಾಸವಿದ್ದ ವಸತಿಗೃಹದ ಕಿಟಕಿಗೆ ಏಣಿಯ ತುದಿ ತಗುಲಿ ಗಾಜು ಪುಡಿಪುಡಿಯಾಗಿತ್ತು. ಆ ಕಿಟಕಿಯ ಕೆಳಗೇ ಅವರ ಅತ್ತೆಯ ಮಂಚ. ಅತ್ತೆಗೆ ಮೊದಲೇ ಕೆಮ್ಮು. ಗಾಳಿ ಶುರುವಾದ ಮೇಲೆ ಕೆಮ್ಮು ಗೋಡೆ ದಾಟಿ ಪಕ್ಕದ ಮನೆಯವರಿಗೂ ಪರಿಚಯವಾಯಿತು.

"ರೀ, ನೀವು ಊರಿನ ಕಿಟಕಿಗಳನ್ನೆಲ್ಲ ಅಳೆಯೋರು. ನಮ್ಮನೆ ಕಿಟಕಿ ನಿಮ್ಮ ಕಣ್ಣಿಗೆ ಬೀಳೋಲ್ವಾ?" ಎಂದು ಹೆಂಡತಿ ಕೇಳಿದಳು.

ಗುಮಾಸ್ತರು ಅಂದೇ ಅಳತೆ ತೆಗೆದು, ಎತ್ತರ ನಾಲ್ಕು ಅಡಿ, ಅಗಲ 2¾ ಅಡಿ ಎಂದು ಬರೆದು ಕಳಿಸಿದರು. ಹೊಸದಾಗಿ ಬಂದಿದ್ದ ನಿರ್ದೇಶಕರು ಅವರನ್ನು ಒಳಗೆ ಕರೆಸಿದರು.

"ಏನ್ರೀ ಇದು? ಮೂರು ಮೇಲೆ ಕೂತಿದೆ, ನಾಲ್ಕು ಕೆಳಗೆ. ಚಿಕ್ಕೋನು ದೊಡ್ಡೋನ ತಲೆ ಮೇಲೆ ಕೂರೋದು ಯಾವ ಶಿಸ್ತು?"

"ಅದು ಮುಕ್ಕಾಲು ಸಾರ್."

"ಇರಲಿ. ಪಕ್ಕದಲ್ಲಿ ಒಂದು ಎರಡು ನಿಂತಿದೆಯಲ್ಲ, ಅದು ಯಾರು? ಮೇಲೂ ಇಲ್ಲ, ಕೆಳಗೂ ಇಲ್ಲ. ಅದರ ಹುದ್ದೆ ಏನು?"

ಇಪ್ಪತ್ತು ವರ್ಷದಿಂದ ಮಿಶ್ರ ಭಿನ್ನರಾಶಿ ಬರೆಯುತ್ತಿದ್ದರೂ ಆ ಪೂರ್ಣಾಂಕದ ಹುದ್ದೆಯನ್ನು ಗುಮಾಸ್ತರು ವಿಚಾರಿಸಿರಲಿಲ್ಲ. ಹೆದರಿಕೆಯಲ್ಲಿ ಒಂದು ಮಾತು ಬಾಯಿಗೆ ಬಂತು: "ಬೇಕಾದ್ರೆ ಹನ್ನೊಂದು ಬೈ ನಾಲ್ಕು ಅಂತಲೂ ಬರೀಬಹುದು ಸಾರ್. ಹನ್ನೊಂದು ಮೇಲೆ, ನಾಲ್ಕು ಕೆಳಗೆ. ಇದಕ್ಕೆ ವಿಷಮ ಭಿನ್ನರಾಶಿ ಅಂತಾರೆ."

ನಿರ್ದೇಶಕರ ಮುಖ ಅರಳಿತು. "ಎಷ್ಟು ಚೆನ್ನಾಗಿದೆ! ಇಂಥದ್ದನ್ನ ವಿಷಮ ಅಂತ ಕರೆದೋನ್ಯಾರು?"

ಮರುದಿನ ಆದೇಶ ಸೂಚನಾ ಫಲಕ ಏರಿತು. ವಿಷಮ ಭಿನ್ನರಾಶಿಯನ್ನು ಇನ್ನು ಮುಂದೆ ಗೌರವಾನ್ವಿತ ಭಿನ್ನರಾಶಿ ಎಂದು ಕರೆಯತಕ್ಕದ್ದು. ಮಿಶ್ರ ಭಿನ್ನರಾಶಿಗಳಲ್ಲಿ ಪಕ್ಕಕ್ಕೆ ನಿಂತಿರುವ ಪೂರ್ಣಾಂಕವು ಮೊದಲು ಕೆಳಗಿನ ಛೇದದೊಂದಿಗೆ ಗುಣಿಸಿಕೊಂಡು, ಆ ಬಲದಿಂದ ಮೇಲಿನ ಅಂಶವನ್ನು ತನ್ನೊಳಗೆ ಕೂಡಿಸಿಕೊಂಡು, ಮೇಲ್ಸ್ಥಾನದಲ್ಲಿ ಆಸೀನವಾಗತಕ್ಕದ್ದು. ಛೇದವು ಎಲ್ಲಿದೆಯೋ ಅಲ್ಲೇ ಇರತಕ್ಕದ್ದು. ಒಂದಕ್ಕಿಂತ ಕಡಿಮೆ ಇರುವ ಭಿನ್ನರಾಶಿಗಳು ಸ್ವಭಾವತಃ ಅವಿಧೇಯವಾಗಿರುವುದರಿಂದ ಅವನ್ನು ಯಾವ ಕಾರಣಕ್ಕೂ ಮಂಜೂರು ಮಾಡತಕ್ಕದ್ದಲ್ಲ. ಕಚೇರಿಯಲ್ಲಿ ಬಡ್ತಿ ಸಿಗುತ್ತಿದ್ದುದೂ ಹೀಗೇ ಆದ್ದರಿಂದ ಸಿಬ್ಬಂದಿಗೆ ಪರಿವರ್ತನೆಯ ಕ್ರಮ ಕೂಡಲೇ ಅರ್ಥವಾಯಿತು. ಛೇದಗಳ ಪರವಾಗಿ ಜವಾನರೊಬ್ಬರು ಮಾತ್ರ ನಿಟ್ಟುಸಿರು ಬಿಟ್ಟರೆಂದು ಹೇಳುತ್ತಾರೆ.

ಗುಮಾಸ್ತರ ಕಿಟಕಿ ಮಂಜೂರಾಯಿತು. ಉಗ್ರಾಣದ ಮೇಲ್ವಿಚಾರಕ ಖುದ್ದಾಗಿ ಗಾಜು ತಂದು, ಹುಲ್ಲಿನ ಕಟ್ಟು ಬಿಚ್ಚಿ, ನಡುಮನೆಯಲ್ಲಿ ಸಾಲಾಗಿ ಜೋಡಿಸಿದ. ನಾಲ್ಕು ಅಡಿ ಎತ್ತರದ, ಕಾಲಡಿ ಅಗಲದ ಪಟ್ಟಿಗಳು. ಹೆಂಡತಿ ಎಣಿಸಿದಳು.

"ಇದೇನಪ್ಪಾ, ಹನ್ನೊಂದು ತುಂಡು?"

"ಹನ್ನೊಂದು ಕಾಲು ಅಂತ ಮಂಜೂರಾಗಿದೆ ಅಕ್ಕಾ. ಕಾಲಡೀದು ಹನ್ನೊಂದು. ಪುಣ್ಯಕ್ಕೆ ನಾನು ಸರಿಯಾಗಿ ಓದ್ದೆ. ಹನ್ನೊಂದೂಕಾಲು ಅಂತ ಓದಿದ್ರೆ ನಿಮ್ಮ ಮನೆಗಿಂತ ಅಗಲದ ಗಾಜು ಬಂದಿರೋದು."

"ಒಂದೇ ಗಾಜು ಬೇಕಿತ್ತಲ್ಲ ಮಾರಾಯ," ಎಂದರು ಗುಮಾಸ್ತರು.

"ಎಲ್ಲ ಸೇರಿಸಿ ನೋಡಿ, ಒಂದು ಕೂದಲೆಳೆ ಕಡಿಮೆ ಇದ್ರೆ ಹೇಳಿ. ಲೆಕ್ಕದಲ್ಲಿ ನಾನು ಮೋಸ ಮಾಡೋನಲ್ಲ."

ಲೆಕ್ಕದಲ್ಲಿ ಮೋಸವಿರಲಿಲ್ಲ. ಗುಮಾಸ್ತರು ಪಟ್ಟಿಗಳನ್ನು ಅಂಟಿನಿಂದ ಜೋಡಿಸಿ ನಿಲ್ಲಿಸಿದರು. ಗಾಳಿ ಬೀಸಿದಾಗ ಹನ್ನೊಂದೂ ಒಂದೊಂದು ರಾಗ ತೆಗೆದವು. ಅತ್ತೆ ಕಂಬಳಿಯೊಳಗಿಂದ, "ಅಳಿಯಂದಿರೇ, ಮೊದಲು ಗಾಳಿ ಬರ್ತಿತ್ತು. ಈಗ ವಾದ್ಯದ ಸಮೇತ ಬರ್ತಿದೆ," ಎಂದರು.

ಗುಮಾಸ್ತರು ದೂರು ಕೊಡಲು ಉಪನಿರ್ದೇಶಕರ ಬಳಿಗೆ ಹೋದರು. ಉಪನಿರ್ದೇಶಕರಿಗೆ ನಿರ್ದೇಶಕರನ್ನು ಕಂಡರೆ ಆಗುತ್ತಿರಲಿಲ್ಲ. ಅವರು ಗುಟ್ಟಾಗಿ ಮಿಶ್ರ ಭಿನ್ನರಾಶಿಯ ಪಕ್ಷದವರು. ಬಾಗಿಲು ಹಾಕಿಕೊಂಡು, ಹನ್ನೊಂದನ್ನು ನಾಲ್ಕರಿಂದ ಭಾಗಿಸಿ, ಎರಡನ್ನು ಹೊರತೆಗೆದು ಪಕ್ಕದಲ್ಲಿ ನಿಲ್ಲಿಸಿ, ಉಳಿದ ಮೂರನ್ನು ನಾಲ್ಕರ ಮೇಲೆ ಕೂರಿಸಿದರು. "ನ್ಯಾಯ ಸಿಕ್ಕಿತು ಅಂತ ತಿಳ್ಕೊಳ್ಳಿ," ಎಂದು ಗುಮಾಸ್ತರ ಬೆನ್ನು ತಟ್ಟಿದರು.

ಮೇಲ್ವಿಚಾರಕ ಮತ್ತೆ ಬಂದ. ಈ ಸಲ ಒಂದೊಂದು ಅಡಿಯ ಎರಡು ಗಾಜು, ಕಾಲಡಿಯ ಮೂರು ಪಟ್ಟಿ.

"ಹನ್ನೊಂದರಿಂದ ಐದಕ್ಕೆ ಇಳಿದಿದೆ," ಎಂದರು ಗುಮಾಸ್ತರು ಆಶೆಯಿಂದ.

"ನಮ್ಮಮ್ಮ ಬದುಕಿರೋವಾಗ್ಲೇ ಒಂದಕ್ಕೆ ಇಳಿಯುತ್ತಾ ಕೇಳಿ," ಎಂದು ಹೆಂಡತಿ ಚಪ್ಪಲಿ ಮೆಟ್ಟಿದಳು.

ಅವಳು ಹೋದದ್ದು ಮೂಲೆಯ ಗಾಜಿನಂಗಡಿಗೆ. ದಾರದಲ್ಲಿ ಎರಡು ಗಂಟು ಹಾಕಿ ಅಗಲ ತೋರಿಸಿದಳು. ಅಂಗಡಿಯವನು ವಜ್ರದ ಮೊನೆಯಿಂದ ಸರ್ರನೆ ಗೀರಿ, ಒಂದೇ ಗಾಜನ್ನು ಕತ್ತರಿಸಿ, ತಾನೇ ಬಂದು ಕೂರಿಸಿ, ಅಂಚಿಗೆ ಅಂಟು ಮೆತ್ತಿ ಹೋದ. ಅದು ಮಿಶ್ರವೋ ಗೌರವಾನ್ವಿತವೋ ಎಂದು ಅವನು ಕೇಳಲಿಲ್ಲ. ಅವನಿಗೆ ಅಷ್ಟು ವಿದ್ಯಾಭ್ಯಾಸವಿರಲಿಲ್ಲ.

ಅತ್ತೆ ಕೆಮ್ಮು ನಿಲ್ಲಿಸಿ ನಿದ್ದೆ ಹೋದರು. ಗುಮಾಸ್ತರ ನಿದ್ದೆ ಹಾರಿಹೋಯಿತು. ಅಳತೆ ಶಾಖೆಯವನ ಮನೆಯಲ್ಲೇ ಮಂಜೂರಾಗದ ಅಖಂಡ ಗಾಜು! ಗೊತ್ತಾದರೆ ವಸತಿಗೃಹ ಖಾಲಿ ಮಾಡಬೇಕು. ಅತ್ತೆಯ ಮಂಚವನ್ನು ಎಲ್ಲಿ ಹಾಕುವುದು?

ಗೊತ್ತಾಗಿಯೇ ಆಯಿತು. ಒಂದು ಬೆಳಿಗ್ಗೆ ತನಿಖಾಧಿಕಾರಿ ಬಂದು, ಕಿಟಕಿಯ ಮುಂದೆ ನಿಂತು, ಬಹಳ ಹೊತ್ತು ಗಾಜನ್ನು ನೋಡಿದರು.

"ಹನ್ನೊಂದು ಎಲ್ಲಿ?"

"ಇದರೊಳಗೇ ಇವೆ ಸಾರ್," ಎಂದರು ಗುಮಾಸ್ತರು. "ಒಂದಕ್ಕೊಂದು ಸೇರ್ಕೊಂಡಿವೆ, ಅಷ್ಟೇ."

"ಸೇರ್ಕೊಳ್ಳೋಕೆ ಅನುಮತಿ?"

"ಇಲ್ಲ ಸಾರ್."

"ಅನುಮತಿ ಇಲ್ಲದೆ ಹನ್ನೊಂದು ಜನ ಒಂದು ಕಡೆ ಸೇರಿದ್ರೆ ಏನಂತಾರೆ ಗೊತ್ತೇನ್ರೀ?"

ಹೆಂಡತಿ ಸೆರಗಿನ ತುದಿ ಕಚ್ಚಿಕೊಂಡಳು. ಗುಮಾಸ್ತರು ಮನಸ್ಸಿನಲ್ಲೇ ಪಾತ್ರೆಪಗಡ ಕಟ್ಟತೊಡಗಿದರು. ಆಗ ಅತ್ತೆ ಮಂಚದ ಮೇಲೆ ಎದ್ದು ಕೂತರು.

"ಸ್ವಾಮೀ, ನಿಮಗೆ ಬೇಕಾಗಿರೋದು ತುಂಡೋ, ತುಂಡು ಕಾಣೋದೋ?"

ತನಿಖಾಧಿಕಾರಿ ಯೋಚಿಸಿದರು. ಇಷ್ಟು ವರ್ಷದ ಸೇವೆಯಲ್ಲಿ ಅವರನ್ನು ಯಾರೂ ಹೀಗೆ ನೇರವಾಗಿ ಕೇಳಿರಲಿಲ್ಲ. "ಕಂಡ್ರೆ ಸಾಕು," ಎಂದರು.

ಅತ್ತೆ ಕರಿ ಬಣ್ಣದ ಡಬ್ಬಿ, ಕುಂಚ ತರಿಸಿದರು. ಅಳಿಯನ ಅಡಿಕೋಲು ಇಸಿದುಕೊಂಡು, ಮಂಚದ ಮೇಲೆ ನಿಂತು, ಕೈ ನಡುಗದಂತೆ ಉಸಿರು ಬಿಗಿಹಿಡಿದು, ಕಾಲಡಿಗೊಂದರಂತೆ ಮೇಲಿಂದ ಕೆಳಕ್ಕೆ ಹತ್ತು ಗೆರೆ ಎಳೆದರು. ಗಾಜು ಹನ್ನೊಂದಾಯಿತು. ತನಿಖಾಧಿಕಾರಿ ಬೆರಳಿಟ್ಟು ಎಣಿಸಿ, ಬೆರಳಿಗೆ ಹತ್ತಿದ ಬಣ್ಣವನ್ನು ಕರವಸ್ತ್ರಕ್ಕೆ ಒರೆಸಿಕೊಂಡು, "ನಿಯಮಬದ್ಧವಾಗಿದೆ," ಎಂದರು.

ಸುದ್ದಿ ಕೇಳಿ ನಿರ್ದೇಶಕರೇ ಕಿಟಕಿ ನೋಡಲು ಬಂದರು. ಒಳಗಿನಿಂದ ನೋಡಿದರು, ಹೊರಗಿನಿಂದಲೂ ನೋಡಿದರು. ಗಾಳಿ ಒಳಗೆ ಬರುತ್ತಿಲ್ಲ, ಆದೇಶ ಮುರಿದಿಲ್ಲ. ಇಂಥದ್ದನ್ನು ತಾವು ಹಿಂದೆ ಕಂಡಿಲ್ಲ ಎಂದರು. ಎಲ್ಲ ವಸತಿಗೃಹಗಳ ಗಾಜುಗಳಿಗೂ ಗೆರೆ ಎಳೆಯತಕ್ಕದ್ದೆಂದು ಆಜ್ಞೆಯಾಯಿತು. ಅದಕ್ಕೊಂದು ಗೆರೆ ಶಾಖೆ ತೆರೆಯಿತು. ಅನುಭವವುಳ್ಳವರು ಬೇರೆ ಯಾರೂ ಇಲ್ಲದ್ದರಿಂದ ಅತ್ತೆಯನ್ನೇ ಶಾಖೆಯ ಮುಖ್ಯಸ್ಥೆಯಾಗಿ ನೇಮಿಸಿದರು. ಅಳತೆ ಶಾಖೆಯನ್ನು ಅದರ ಕೆಳಗೆ ತಂದರು.

ಊರಿನವರಿಗೂ ರೂಢಿಯಾಯಿತು. ಗೆರೆಯಿಲ್ಲದ ಗಾಜು ಕಣ್ಣಿಗೆ ಬೋಳುಬೋಳಾಗಿ ಕಾಣುತ್ತದೆಂದು ಜನ ಗಾಜಿನಂಗಡಿಯವನಿಂದ ಗೆರೆ ಎಳೆಸಿಕೊಂಡೇ ಒಯ್ಯತೊಡಗಿದರು. ಉಪನಿರ್ದೇಶಕರು ಮಾತ್ರ ತಮ್ಮ ಮನೆಯ ಗಾಜಿಗೆ ಎರಡು ಅಗಲ, ಮೂರು ಸಪೂರ ಪಟ್ಟಿ ಕಾಣುವಂತೆ ಗೆರೆ ಎಳೆಸಿಕೊಂಡು, ಪರದೆ ಮುಚ್ಚಿಟ್ಟಿದ್ದಾರೆಂದು ವದಂತಿ.

ಈಗ ಅತ್ತೆ ಬೆಳಿಗ್ಗೆ ತಲೆ ಬಾಚಿ, ಕೈಚೀಲ ಹಿಡಿದು ಮುಂದೆ ಹೊರಡುತ್ತಾರೆ. ಅಳಿಯ ಊಟದ ಡಬ್ಬಿ ಹಿಡಿದು ಹಿಂದೆ. ಮನೆಯಲ್ಲಿ ಅಳಿಯಂದಿರೇ ಎನ್ನುವವರು ಹೊಸ್ತಿಲು ದಾಟಿದೊಡನೆ ಗುಮಾಸ್ತರೇ ಎನ್ನುತ್ತಾರೆ. ಗುಮಾಸ್ತರಿಗೂ ಅದು ಸರಿಯೆನ್ನಿಸಿದೆ. ಮೇಲಧಿಕಾರಿಯ ಮನಸ್ಸು ತಿಳಿಯಲು ಬೇರೆಯವರು ಪಡುವ ಪಾಡು ಅವರಿಗಿಲ್ಲ. ಪಲ್ಯಕ್ಕೆ ಉಪ್ಪು ಹೆಚ್ಚಾಗಿದ್ದರೆ ಅಂದು ತಲೆ ತಗ್ಗಿಸಿ ಕೆಲಸ ಮಾಡಿದರಾಯಿತು.

ಮೊನ್ನೆ ಹೆಂಡತಿ ತಾಯಿಯ ಬಳಿ ಮೆಲ್ಲಗೆ ಕೇಳಿದಳು: "ಅಮ್ಮಾ, ನಾಳೆ ನಾನು ಹಲ್ಲಿನ ಡಾಕ್ಟರ ಹತ್ರ ಹೋಗ್ಬೇಕು. ಇವರಿಗೆ ಅರ್ಧ ದಿನ ರಜೆ ಕೊಡ್ತೀಯಾ?"

"ಅರ್ಧ ಹ್ಯಾಗೆ ಕೊಡಲಿ ಮಗಳೇ? ಒಂದು ಮೇಲೆ, ಎರಡು ಕೆಳಗೆ. ನಿಯಮದಲ್ಲಿ ಅವಕಾಶವೇ ಇಲ್ಲ," ಎಂದರು ಅತ್ತೆ, ಕನ್ನಡಕ ತೆಗೆದು ಒರೆಸುತ್ತ. "ಮೂರು ಅರ್ಧ ಬೇಕಾದ್ರೆ ಕೇಳೋಕೆ ಹೇಳು."

ಗುಮಾಸ್ತರು ಮೂರು ಅರ್ಧ ಕೇಳಿದರು. ಮಂಜೂರಾಯಿತು. ಹಲ್ಲಿನ ಕೆಲಸ ಬೇಗ ಮುಗಿದದ್ದರಿಂದ ಗಂಡ ಹೆಂಡತಿ ಉಳಿದ ಎರಡು ಅರ್ಧವನ್ನು ಮನೆಯಲ್ಲೇ ಆರಾಮವಾಗಿ ಕಳೆದರು.