ಇಪ್ಪತ್ತರಲ್ಲಿ ಒಂದು ತೋಟಾ

ಪಕ್ಕದ ಮನೆಯ ಮಾರ್ಲಿಸ್ ಬಂದು ಕಿಟಕಿ ಬಡಿಯದೇ ಇದ್ದಿದ್ದರೆ ಡೆಲ್ಬರ್ಟ್ ಹೌಗೆನ್‌ನ ಎಣಿಕೆ ತಪ್ಪುತ್ತಿರಲಿಲ್ಲ.

ಮೊಂಟಾನಾದ ಆ ಊರಿನಲ್ಲಿ ಜಿಂಕೆ ಬೇಟೆಯ ಕಾಲ ಬಂತೆಂದರೆ ಖಾಲಿ ತೋಟಾಗಳಿಗೆ ಮನೆಯಲ್ಲೇ ಮದ್ದು ತುಂಬಿಕೊಳ್ಳುವವರು ಬೇಕಾದಷ್ಟು ಜನ. ಡೆಲ್ಬರ್ಟ್ ಮಾತ್ರ ಅವರೆಲ್ಲರಿಗಿಂತ ಅತಿ ಜಾಗ್ರತೆಯವನು. ಕಣ್ಣಿಗೆ ದಪ್ಪ ಕನ್ನಡಕ ಏರಿಸಿ, ಮೇಜಿನ ಮೇಲೆ ಒಂದೇ ಒಂದು ಮದ್ದಿನ ಡಬ್ಬಿ ಇಟ್ಟು, ರೇಡಿಯೊ ಕೂಡ ಆರಿಸಿ, ಹಸುಗೂಸಿಗೆ ಔಷಧಿ ಹಾಕುವವನ ಹಾಗೆ ಉಸಿರು ಬಿಗಿಹಿಡಿದು ಸುರಿಯುತ್ತಿದ್ದ.

"ಬಾಗ್ಲು ಹಾಕ್ಕೊಂಡು ಒಳಗೆ ಏನ್ರೀ ನಡೆಸಿದೀರ?" ಮಾರ್ಲಿಸ್ ಗಾಜಿಗೆ ಮೂಗು ಒತ್ತಿದಳು. "ಹೆಂಡ್ತಿಗೆ ಗೊತ್ತಾ?"

"ಗೊತ್ತು, ಹೋಗ್ರೀ!"

ಅವಳನ್ನು ಸಾಗಹಾಕಿ, ಹನ್ನೊಂದನೆಯ ತೋಟಾಕ್ಕೆ ಮದ್ದು ಹಾಕಿಲ್ಲವೆಂದುಕೊಂಡು ಹಾಕಿದ. ಇಪ್ಪತ್ತೂ ಮುಗಿದವು. ಬೆಳಿಗ್ಗೆ ಒಂಬತ್ತು ಗಂಟೆಗೆ ಹೆಂಡತಿಯ ಅಣ್ಣ ಓರಿನ್ ಬಂದು, ಪ್ರತಿ ವರ್ಷದಂತೆ ತೋಟಾ ಡಬ್ಬಿ ಒಯ್ದ.

ಮಧ್ಯಾಹ್ನ ಉಳಿದ ಮದ್ದನ್ನು ತೂಗಿದಾಗ ಸರಿಯಾಗಿ ಒಂದು ಅಳತೆ ಕಡಿಮೆ! ಅಂದರೆ ಯಾವುದೋ ಒಂದಕ್ಕೆ ಎರಡು ಸಲ ಬಿದ್ದಿದೆ. ಅದನ್ನು ಹಾರಿಸಿದರೆ ಜಿಂಕೆ ಉಳಿಯುತ್ತದೆ, ಭಾವ ಉಳಿಯುವುದಿಲ್ಲ.

ಫೋನಿಗೆ ಓರಿನ್ ಸಿಗಲಿಲ್ಲ. ಡೆಲ್ಬರ್ಟ್ ಗಾಡಿ ಹತ್ತಿ ಅವನ ಮನೆಗೆ ಧಾವಿಸಿದ. ಓರಿನ್‌ನ ಹೆಂಡತಿ ಗ್ಲಾಡಿಸ್ ಆಲೂಗಡ್ಡೆ ಸುಲಿಯುತ್ತಿದ್ದಳು.

"ಅಕ್ಕಾ, ಭಾವ ಯಾವ ಕಡೆ ಬೇಟೆಗೆ ಹೋದ್ರು?"

ಗ್ಲಾಡಿಸ್‌ಳ ಕಣ್ಣು ಕಿರಿದಾಯಿತು. "ಓಹೋ, ಅವರ ಗುಟ್ಟಿನ ಬೇಟೆ ಜಾಗ ಪತ್ತೆ ಮಾಡೋಕೆ ಬಂದ್ಯಾ?"

"ಇಲ್ಲಕ್ಕಾ, ತೋಟಾ ವಾಪಸ್ ಬೇಕಿತ್ತು."

"ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನೋ? ಏನು ಜಗಳ?"

ಡೆಲ್ಬರ್ಟ್ ತಡೆಯಲಾರದೆ ಎಲ್ಲವನ್ನೂ ಕಕ್ಕಿದ. "ಕೋವಿ ಸಿಡಿದು ಭಾವನ ಮುಖಕ್ಕೇ ಬರುತ್ತೆ ಅಕ್ಕಾ!"

"ಓ, ಅದಾ?" ಎಂದು ಗ್ಲಾಡಿಸ್ ಇನ್ನೊಂದು ಆಲೂಗಡ್ಡೆ ಎತ್ತಿಕೊಂಡಳು. "ಕಾಫಿ ಕುಡೀತೀಯಾ?"

ಗಂಡ ಸಾಯುತ್ತಾನೆ ಎಂದರೆ ಕಾಫಿ ಬೇಕೇ ಎನ್ನುತ್ತಾಳೆ! ಓರಿನ್ ಹೋದ ತಿಂಗಳಷ್ಟೇ ದೊಡ್ಡ ಮೊತ್ತದ ವಿಮೆ ಮಾಡಿಸಿದ್ದ. ಕಾಫಿ ಬಂದಾಗ ಡೆಲ್ಬರ್ಟ್ ಮೂಸಿ ನೋಡಿದನೇ ಹೊರತು ಕುಡಿಯಲಿಲ್ಲ. ಪೊಲೀಸರಿಗೆ ಹೇಳಿಬಿಡೋಣವೆಂದು ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ಓರಿನ್‌ನ ಪಿಕಪ್ ಅಂಗಳಕ್ಕೆ ಬಂತು. ಹಿಂದೆ ಜಿಂಕೆ, ಮುಂದೆ ಓರಿನ್, ಮುಖ ಮೂಗು ಸಮೇತ.

"ಭಾವಾ! ಯಾವ ತೋಟಾದಲ್ಲಿ ಹೊಡೆದ್ರಿ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ಇನ್ನು ಹೇಳ್ಬಿಡ್ರೀ" ಎಂದಳು ಗ್ಲಾಡಿಸ್.

ಓರಿನ್ ಅವನನ್ನು ನೆಲಮಾಳಿಗೆಗೆ ಕರೆದೊಯ್ದ. ಕಪಾಟಿನಲ್ಲಿ ಏಳು ವರ್ಷದ ಏಳು ಡಬ್ಬಿ ತೋಟಾ. ಒಂದನ್ನೂ ಮುಟ್ಟಿರಲಿಲ್ಲ.

"ಪ್ರತಿ ವರ್ಷ ಒಂದೇ ಏಟಿಗೆ ಬಿತ್ತು ಅಂತಿದ್ರಲ್ಲ!"

"ಬೀಳ್ತಿತ್ತಪ್ಪಾ. ಅಂಗಡಿ ತೋಟಾಗೆ. ನೀನು ತುಂಬಿದ್ದಕ್ಕೆ ಮುಖ ಒಡ್ಡೋ ಧೈರ್ಯ ನಂಗಿಲ್ಲ."

ಡೆಲ್ಬರ್ಟ್ ಅವಮಾನ ನುಂಗಿಕೊಂಡ. "ಹೋಗ್ಲಿ, ಇದ್ರಲ್ಲಿ ಇವತ್ತಿನ ಡಬ್ಬಿ ಯಾವ್ದು?"

"ಇಲ್ಲೇ ಎಲ್ಲೋ ತುರುಕಿದೆ. ಮೇಲೆ ಬರೆದಿರ್ತೀಯಲ್ಲ, ನೋಡು."

ಏಳರ ಮೇಲೂ ಅವನದೇ ಅಕ್ಷರ: 'ಭಾವನಿಗೆ, ಪ್ರೀತಿಯಿಂದ.' ತಾರೀಖು ಯಾವುದರ ಮೇಲೂ ಇರಲಿಲ್ಲ.

ನೂರಾ ನಲವತ್ತು ತೋಟಾಗಳನ್ನೂ ಒಂದೊಂದಾಗಿ ಬಿಚ್ಚಿ ತೂಗದೆ ಬೇರೆ ದಾರಿಯಿರಲಿಲ್ಲ. ಓರಿನ್ ತಾನೇ ಡಬ್ಬಿಗಳನ್ನು ಹೊತ್ತು ತಂದು ಗಾಡಿಗೆ ಹಾಕಿ, ಕಿಟಕಿಯ ಹತ್ತಿರ ಬಗ್ಗಿದ.

"ಬರೋ ವರ್ಷಾನೂ ತಪ್ಪದೆ ಕೊಡಪ್ಪಾ. ನಿಲ್ಲಿಸಿಬಿಟ್ರೆ ನಾನು ಹಾರಿಸ್ತಿಲ್ಲ ಅಂತ ನನ್ನ ತಂಗಿಗೆ ಅನುಮಾನ ಬರುತ್ತೆ."