ನನ್ನ ಮೊಣಕೈ ಎತ್ತರದ ಮೇಜು

ಇನ್ನೊಬ್ಬರ ನಡುನೋವಿಗೆ ಪರಿಹಾರ ಹೇಳುವಷ್ಟು ಸಲೀಸಾದ ಕೆಲಸ ಇನ್ನೊಂದಿಲ್ಲ. ಆ ಕೆಲಸಕ್ಕೆ ನಾನು ಸಂಬಳವನ್ನೂ ತೆಗೆದುಕೊಂಡವನು. ತೊಂಬತ್ತರ ದಶಕದ ಕೊನೆಯಲ್ಲಿ ಪುಣೆಯ ಧನಕವಡಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್ ಆಗಿದ್ದೆ. ಮಾಲೀಕರು ನನ್ನನ್ನು ಎರಡು ದಿನದ ತರಬೇತಿಗೆ ಕಳಿಸಿದರು. ಮೈಗೆ ತಕ್ಕಂತೆ ಕೆಲಸವಿರಬೇಕು, ಕೆಲಸಕ್ಕೆ ತಕ್ಕಂತೆ ಮೈಯನ್ನು ಬಗ್ಗಿಸಬಾರದು ಎಂದು ಅಲ್ಲಿ ಹೇಳಿಕೊಟ್ಟರು. ಮಧ್ಯಾಹ್ನ ಶ್ರೀಖಂಡ ಉಂಡು ಕೂತವನಿಗೆ ಅಷ್ಟು ನೆನಪುಳಿದದ್ದೇ ಹೆಚ್ಚು.

ನಮ್ಮಲ್ಲಿ ಆರು ಹೆಂಗಸರು ಗಿಡ್ಡ ಮೇಜುಗಳ ಮೇಲೆ ದಿನವಿಡೀ ಬಗ್ಗಿ ನಿಂತು ಡಬ್ಬಿ ಕಟ್ಟುತ್ತಿದ್ದರು. ಅವರಲ್ಲಿ ಯಾದಗಿರಿ ಕಡೆಯ ನಿಂಗವ್ವನದು ಬಲು ಚುರುಕು ಕೈ. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಆದರೂ ನೋವು ತಾಳದೆ ಕೆಲಸ ಬಿಡುವ ಮಾತಾಡುತ್ತಿದ್ದಳು. ಮೇಜು ಮೊಣಕೈ ಮಟ್ಟಕ್ಕಿರಬೇಕೆಂದು ಸಾರಿ, ಬಡಗಿಯನ್ನು ಕರೆಸಿದೆ. "ಕಿತೀ ಉಂಚ, ಸಾಹೇಬ?" ಎಂದು ಅವನು ಮರಾಠಿಯಲ್ಲಿ ಎತ್ತರ ಕೇಳಿದ. ಟೇಪು ನನ್ನ ಕೈಯಲ್ಲೇ ಇತ್ತು. ಆದರೆ ಪರಹೆಂಗಸರ ಮೊಣಕೈಗೆ ಟೇಪು ಹಿಡಿಯುವುದು ಹೇಗೆ, ನೀವೇ ಹೇಳಿ! ಧಾರವಾಡದ ಮರ್ಯಾದಸ್ಥ ಮನೆತನ ನನ್ನದು. ನಾಚಿಕೊಂಡು ನನ್ನ ಮೊಣಕೈಗೇ ಹಿಡಿದು ಅಳತೆ ಕೊಟ್ಟೆ. ನಾನೋ, ಬಾಗಿಲು ದಾಟುವಾಗ ತಲೆ ತಗ್ಗಿಸುವ ಆಳು.

ಹೊಸ ಮೇಜು ಬಂದ ನಾಲ್ಕನೆಯ ದಿನ ನಿಂಗವ್ವ ಎದುರಿಗೆ ಬಂದು ನಿಂತಳು.

"ಸಾಹೇಬ್ರ, ಮದ್ಲ ನಡಾ ಅಷ್ಟ ನೋಯ್ತಿತ್ರಿ. ಈಗ ರಟ್ಟೀನೂ ಹಿಡ್ಕೊಂಡದ. ನಾ ನಾಳಿಂದ ಬರಂಗಿಲ್ರಿ."

"ಶಾಸ್ತ್ರದ ಪ್ರಕಾರನ ಮಾಡ್ಸೇನಲ್ಲವಾ!"

"ಯಾರ ಮೈ ನೋಡಿ ಮಾಡ್ಸೀರಿ?"

ನಿಜ ಹೇಳಿದೆ. ಆರೂ ಜನ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ನನಗೆ ಅವಮಾನವಾಯಿತು, ಸಿಟ್ಟೂ ಬಂತು. ಆದರೆ ಸಿಟ್ಟು ಮಾಡುವುದಾದರೂ ಯಾರ ಮೇಲೆ? ನಿಂಗವ್ವ ಸೀಮೆಸುಣ್ಣ ಇಸಿದುಕೊಂಡು, ಒಬ್ಬೊಬ್ಬರನ್ನೇ ಗೋಡೆಗೆ ನಿಲ್ಲಿಸಿ ಮೊಣಕೈ ಮಟ್ಟಕ್ಕೆ ಗೀಟು ಎಳೆದಳು. ನನ್ನ ಅಳತೆ ಅವರ ಗೀಟುಗಳಿಗಿಂತ ಅರ್ಧ ಗೇಣು ಮೇಲಿತ್ತು. ಬಡಗಿ ಮತ್ತೆ ಬಂದು ಮೇಜಿನ ಕಾಲು ಕೊಯ್ದ. ಕೆಲ ದಿನಗಳಲ್ಲಿ ನೋವು ಇಳಿಯಿತು, ನಿಂಗವ್ವ ಉಳಿದಳು.

ಮಾಲೀಕರು ವರದಿ ಕೇಳಿದರು. 'ನಾನು ನಡೆಸಿದ ಕೂಲಂಕಷ ಅಧ್ಯಯನದ ನಂತರ' ಎಂದು ಶುರುಮಾಡಿದ್ದೆ. ಅಷ್ಟರಲ್ಲಿ ನಿಂಗವ್ವ ಕೊಯ್ದ ಮರದ ತುಂಡು ನಾಲ್ಕು ತಂದು ನನ್ನ ಮೇಜಿನ ಮೇಲಿಟ್ಟಳು.

"ಇವು ಯಾಕವಾ?"

"ಮೂಗು ಕಾಗದಕ್ಕ ಹತ್ತೂವಂಗ ಬಗ್ಗಿ ಬರೀತೀರಿ, ದಿನಾ ನೋಡ್ತೀನ್ರಿ. ಟೇಬಲ್ಲಿನ ಕಾಲ ಕೆಳಗ ಇಡ್ರಿ. ಅಳತಿ ಹೆಂಗೂ ನಿಮ್ದ ಅದ."

ಇಟ್ಟುಕೊಂಡೆ. ಕುತ್ತಿಗೆ ಹಗುರಾಯಿತು. 'ನಾನು' ಎಂಬುದನ್ನು ಹೊಡೆದು 'ನಿಂಗವ್ವ' ಎಂದು ಬರೆಯಲು ಮಾತ್ರ, ಅಷ್ಟು ಆರಾಮಾಗಿ ಕೂತರೂ, ನನಗೆ ಎರಡು ದಿನ ಹಿಡಿಯಿತು.