ಭಾವನ ಕೆಟಲ್, ನನ್ನ ಜೆಟ್

ಆ ಸಂಜೆ ವಾಮದಪದವಿನ ನಮ್ಮ ಅಡುಗೆಮನೆಯಲ್ಲಿ ಇದ್ದವರು ಅಮ್ಮ, ಮಸ್ಕತ್ತಿನಿಂದ ರಜೆಯಲ್ಲಿ ಬಂದ ಅಕ್ಕನ ಗಂಡ ಜಗನ್ನಾಥ ಭಾವ, ಮೂಡುಬಿದಿರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನನ್ನ ಹೆಂಡತಿ ಶೈಲಜಾ, ಮತ್ತು ಅದೇ ಭೌತಶಾಸ್ತ್ರಕ್ಕೆ ಹೆದರಿ ಬಿ.ಸಿ.ರೋಡಿನಲ್ಲಿ ಬಟ್ಟೆ ಅಂಗಡಿ ಹಾಕಿದ ನಾನು. ನಡುವೆ ಮದುಮಗನ ಹಾಗೆ ಹೊಳೆಯುತ್ತ ಕುಳಿತದ್ದು, ಭಾವ ಅಮ್ಮನಿಗೆಂದೇ ಹೊತ್ತು ತಂದ ಕರೆಂಟಿನ ಕೆಟಲ್.

ನಮ್ಮಲ್ಲಿ ಬಂದವರಿಗೆ ಮೊದಲು ಬೆಲ್ಲ-ನೀರು, ಬೆನ್ನಿಗೇ ಚಾ. "ಬೆಲ್ಲ ಬಾಯಲ್ಲಿ ಕರಗುವುದರೊಳಗೆ ನೀರು ಕುದೀತದೆ ಅತ್ತೆ" ಎಂದಿದ್ದರು ಭಾವ. ಬೆಲ್ಲ ಕರಗಿತು, ಊರಿನ ಮದುವೆಗಳ ಸುದ್ದಿಯೂ ಮುಗಿಯಿತು, ಕೆಟಲ್ ಮಾತ್ರ ಗುಂಯ್ ಎನ್ನುತ್ತಲೇ ಇತ್ತು. ಕೊನೆಗೆ ಅಮ್ಮ ಎದ್ದು ಗ್ಯಾಸ್ ಹಚ್ಚಿದರು. "ಪಾಪ, ಅಂಗಡಿಯವ ಅಳಿಯಂದಿರಿಗೆ ಹಾಳಾದದ್ದನ್ನು ದಾಟಿಸಿದ್ದಾನೆ." ಬೈದಿದ್ದರೂ ಭಾವ ತಡೆದುಕೊಳ್ಳುತ್ತಿದ್ದರೋ ಏನೋ, ಆ 'ಪಾಪ' ತಡೆಯಲಾಗಲಿಲ್ಲ. ಮುಖ ಸಣ್ಣದು ಮಾಡಿಕೊಂಡು, "ವಾಪಸು ತಕೊಂಡು ಹೋಗ್ತೇನೆ ಅತ್ತೆ" ಎಂದು ಖಾಲಿ ಪೆಟ್ಟಿಗೆ ಎಳೆದರು. ಸಮಾಧಾನ ಹೇಳೋಣವೆಂದು ನಾನು, "ಬಿಡಿ ಭಾವ, ಸಾರು ಬಡಿಸ್ಲಿಕ್ಕಾದರೂ ಆಗ್ತದೆ" ಎಂದೆ. ನನ್ನ ಸಮಾಧಾನಗಳು ಯಾವಾಗಲೂ ಹೀಗೆಯೇ.

"ಜಗನ್ನಾಥಣ್ಣ, ನಿಲ್ಲಿ" ಎಂದಳು ಶೈಲಜಾ. ಪೆಟ್ಟಿಗೆಯ ಮೇಲಿನದನ್ನು ಓದಿದಳು: ಇನ್ನೂರ ನಲವತ್ತು ವೋಲ್ಟ್, ಎರಡು ಸಾವಿರದ ನಾನೂರು ವ್ಯಾಟ್. "ಅಂದ್ರೆ ಹತ್ತು ಆಂಪಿಯರ್. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದ್ರೆ ಇಪ್ಪತ್ತನಾಲ್ಕು ಓಮ್. ಇದು ಕೆಟಲಿನ ರೋಧ, ಅಂದ್ರೆ ಕರೆಂಟಿಗೆ ಅದು ಒಡ್ಡುವ ತಡೆ. ಹಾಳಾಗಿದ್ರೆ ಇದು ಬದಲಾಗಿರ್ಬೇಕು." ಪ್ಲಗ್ಗಿಗೆ ಸಿಕ್ಕಿಸುವ ತನ್ನ ಪುಟ್ಟ ಮೀಟರನ್ನು ತಂದಳು. ನೂರ ಅರವತ್ತೆಂಟು ವೋಲ್ಟ್, ಏಳು ಆಂಪಿಯರ್. "ಭಾಗಿಸಿದ್ರೆ ಎಷ್ಟು?" ಎಂದು ನನ್ನನ್ನೇ ಕೇಳಿದಳು. ನಾನು ಮಾಡಿನ ಹೆಂಚು ನೋಡಿದೆ.

"ಇಪ್ಪತ್ನಾಲ್ಕೇಳ್ಲ ನೂರ ಅರವತ್ತೆಂಟು" ಎಂದರು ಅಮ್ಮ, ಚಾಪುಡಿ ಹಾಕುತ್ತ. ಮಗ್ಗಿ ಕಲಿತ ಕಾಲದವರು.

"ನೋಡಿ, ಅದೇ ಇಪ್ಪತ್ತನಾಲ್ಕು! ಕೆಟಲ್ ಸರಿ ಉಂಟು. ಈಗ ಗುಣಿಸುವ. ಸಾವಿರದ ನೂರ ಎಪ್ಪತ್ತಾರು ವ್ಯಾಟ್, ಬೇಕಾದದ್ದರ ಅರ್ಧವೂ ಇಲ್ಲ. ಅರೆಹೊಟ್ಟೆಗೆ ಬಡಿಸಿ ಪೂರ್ತಿ ಕೆಲಸ ಕೇಳಿದ್ರೆ ಹೇಗೆ ಅತ್ತೆ?"

ವಕೀಲರು ಸಹ ಇಷ್ಟು ಚಂದ ವಾದಿಸಲಿಕ್ಕಿಲ್ಲ. ಬೆರಗಾಗಿ ಹೆಂಡತಿಯನ್ನೇ ನೋಡುತ್ತಿದ್ದೆ. ಅವಳು ಕಿವಿಗೊಟ್ಟು ಆಲಿಸಿ, "ತೋಟದಲ್ಲಿ ಅದೇನು ಚಿರ್ ಚಿರ್?" ಎಂದಳು.

ಅದು ತೋಟಕ್ಕೆ ನೀರು ಚಿಮ್ಮಿಸುವ ನನ್ನ ಹೊಸ ಜೆಟ್. ಗಲ್ಫಿನಿಂದ ಯಾರೇ ಬರಲಿ, ನೀರು ಕೊಡೆಯಂತೆ ಅರಳಿ ಸುತ್ತುವುದನ್ನು ತೋರಿಸದೆ ನಾನು ಬಿಡುವವನಲ್ಲ. ಭಾವ ಅಂಗಳಕ್ಕೆ ಕಾಲಿಟ್ಟೊಡನೆ ಪಂಪು ಹಾಕಿದ್ದೆ. ಮರೆತೂ ಬಿಟ್ಟಿದ್ದೆ. ತಲೆ ತಗ್ಗಿಸಿ ಹೋಗಿ ಬಂದ್ ಮಾಡಿ ಬಂದೆ. ಪಂಪು ಎಳೆಯುತ್ತಿದ್ದ ಕರೆಂಟು ಈಗ ಕೆಟಲಿಗೆ ಸಿಕ್ಕಿತ್ತು: ಮೀಟರಿನಲ್ಲಿ ಇನ್ನೂರ ಹದಿನಾರು ವೋಲ್ಟ್, ಒಂಬತ್ತು ಆಂಪಿಯರ್.

"ಇಪ್ಪತ್ನಾಲ್ಕೊಂಬತ್ಲ" ಎಂದು ಅಮ್ಮ ಶುರುಮಾಡುವಾಗಲೇ ಕೆಟಲ್ ಕೊತಕೊತ ಕುದಿಯಿತು. ಅಮ್ಮ ಗ್ಯಾಸ್ ಆರಿಸಿದರು. ಭಾವ ಪೆಟ್ಟಿಗೆಯನ್ನು ಕಾಲಿನಿಂದ ಮೂಲೆಗೆ ತಳ್ಳಿ, ಎರಡು ಲೋಟ ಚಾ ಕುಡಿದರು.

ಮರುದಿನ ಭಾವನ ಗೆಳೆಯರೊಬ್ಬರು ಬಂದರು. ಅವರೂ ಮಸ್ಕತ್ತಿನವರೇ. ತೋಟಕ್ಕೆ ಕರೆದುಕೊಂಡು ಹೋಗಿ ಪಂಪು ಹಾಕಿದೆ. ನೀರಿನ್ನೂ ಸರಿಯಾಗಿ ಅರಳಿರಲಿಲ್ಲ, ಅಡುಗೆಮನೆಯ ಕಿಟಕಿಯಿಂದ ಅಮ್ಮನ ಸ್ವರ ಬಂತು: "ಅದನ್ನು ಬಂದ್ ಮಾಡು ಮಾರಾಯ, ಅಳಿಯಂದಿರ ಕೆಟಲ್ ಇಟ್ಟಿದ್ದೇನೆ!"

ಬಂದ್ ಮಾಡಿದೆ.